ಸಮುದ್ರದ ಉಪ್ಪಿನ ಲೆಕ್ಕ



ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಹೆಬ್ಬಂಡೆಯನ್ನು ತಮ್ಮಲ್ಲಿ ಅನೇಕರು ಹತ್ತಿ ನೋಡಿರಬಹುದು. ಆ ಬಂಡೆಯಲ್ಲಿ ಸೋಡಿಯಂ ಎಂಬ ಲೋಹವು ಅಡಗಿದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ನಾಲಗೆಗೆ ಮುಟ್ಟಿಸಿದರೆ ಉಪ್ಪಿನ ರುಚಿ ಲವಲೇಶವೂ ಇಲ್ಲ. ಆದರೂ ನಾವು ದಿನವೂ ಅನ್ನದೊಡನೆ ಉಣ್ಣುವ ಉಪ್ಪಿನ ಒಂದು ಅಂಶವಾದ ಸೋಡಿಯಂ ಹಿಂದೊಮ್ಮೆ ಕಲ್ಲಿನಲ್ಲಿಯೇ ಇದ್ದುದು. ಕಲ್ಲಿನಿಂದ ಕಡಲಿಗೆ ಅದು ಹೇಗೆ ಹೋಯಿತು, ಹೋದುದು ಅಲ್ಲಿಯೇ ನಿಂತಿತೇ ಎಂಬ ಪ್ರಶ್ನೆಯನ್ನು ಹಿಡಿದು ವಿದ್ವಾಂಸರು ಒಮ್ಮೆ ಭೂಮಿಯ ವಯಸ್ಸನ್ನೇ ಗುಣಿಸಲು ಹೊರಟರು. ಆ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಶುದ್ಧವಾದ ಸೋಡಿಯಂ ನೆಲದಲ್ಲಿ ಎಲ್ಲಿ ಅಗೆದರೂ ದೊರೆಯತಕ್ಕದ್ದಲ್ಲ. ಅದು ಚಾಕುವಿನಿಂದ ಕೊಯ್ಯಬಹುದಾದಷ್ಟು ಮೃದುವಾದ, ಬೆಳ್ಳಿಯ ಬಣ್ಣದ ಲೋಹ; ನೀರಿಗೆ ಬಿದ್ದರೆ ಬುಸುಗುಟ್ಟುತ್ತ ಓಡಾಡಿ, ಹೊತ್ತಿಕೊಳ್ಳುವುದೂ ಉಂಟು. ಇಂಥ ಚಪಲ ಸ್ವಭಾವದ ವಸ್ತುವು ಒಂಟಿಯಾಗಿ ಬಾಳುವುದೆಂತು? 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿಯವರು ಕಾಸ್ಟಿಕ್ ಸೋಡವನ್ನು ಕರಗಿಸಿ, ಅದರಲ್ಲಿ ವಿದ್ಯುತ್ಪ್ರವಾಹವನ್ನು ಹಾಯಿಸಿ ಬೇರ್ಪಡಿಸುವವರೆಗೆ ಅದರ ನಿಜರೂಪವನ್ನು ಯಾರೂ ಕಂಡಿರಲಿಲ್ಲ. ಹಾಗೆಂದು ಅದು ಅಪೂರ್ವವಾದ ಧಾತುವೇನೂ ಅಲ್ಲ. ಭೂಮಿಯ ಹೊರಚಿಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ಅದೇ. ಇನ್ನೂ ಹಿಂದಕ್ಕೆ ಹೋಗಿ ಅದು ಹುಟ್ಟಿದುದೆಲ್ಲಿ ಎಂದು ಕೇಳಿದರೆ, ಭೂಮಿಗಿಂತಲೂ ಮುಂಚಿನ ದೊಡ್ಡ ನಕ್ಷತ್ರಗಳ ಗರ್ಭದಲ್ಲಿ, ಇಂಗಾಲದ ಪರಮಾಣುಬೀಜಗಳು ಒಂದರೊಡನೊಂದು ಬೆಸೆದುದರಿಂದ ಎಂದು ಖಗೋಳಶಾಸ್ತ್ರಜ್ಞರು ಹೇಳುತ್ತಾರೆ. ಆ ಕಥೆ ಬೇರೊಂದು ದಿನದ ಭಾಷಣಕ್ಕೆ ಆಗುವಷ್ಟಿದೆ.

ಲಾಲ್‌ಬಾಗಿನ ಬಂಡೆಗೆ ಹಿಂದಿರುಗೋಣ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಶಿಲೆಯಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳು ಹೇರಳವಾಗಿವೆ. ಸೋಡಿಯಂ ಅವುಗಳಲ್ಲಿ ಬಿಗಿಯಾಗಿ ಸೆರೆಸಿಕ್ಕಿರುತ್ತದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿರುವುದಷ್ಟೆ. ಆ ಹುಳಿಗೆ ಹರಳು ಮೆಲ್ಲಮೆಲ್ಲನೆ ಸಡಿಲಿ ಜೇಡಿಮಣ್ಣಾಗುತ್ತದೆ. ಸೋಡಿಯಂ ನೀರಿನೊಡನೆ ಹೊರಟುಹೋಗುತ್ತದೆ. ಅದರ ದಾಯಾದಿಯಾದ ಪೊಟ್ಯಾಸಿಯಂ ಕೂಡ ಕಲ್ಲುಗಳಲ್ಲಿ ಹೆಚ್ಚುಕಡಮೆ ಅಷ್ಟೇ ಉಂಟು. ಆದರೆ ಅದನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಗಿಡಮರಗಳು ಬೇರಿನಿಂದ ಎಳೆದುಕೊಳ್ಳುತ್ತವೆ. ಹಿಂದೆ ನಮ್ಮ ಗೃಹಿಣಿಯರು ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದಾಗ ಕೆಲಸ ಮಾಡುತ್ತಿದ್ದುದು ಈ ಪೊಟ್ಯಾಸಿಯಮ್ಮಿನ ಕ್ಷಾರವೇ. ಸೋಡಿಯಮ್ಮಿಗೆ ಇಂಥ ಅಡ್ಡಿಗಳು ಕಡಮೆ. ನೀರು ಸರಿಯಾಗಿ ಹರಿದುಹೋಗದ ಒಣಸೀಮೆಯಲ್ಲಿ ಮಾತ್ರ ಅದು ದಾರಿಯಲ್ಲಿಯೇ ನಿಲ್ಲುತ್ತದೆ; ಅಗಸರು ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದ ಚೌಳುಮಣ್ಣು ಅಂಥದು. ಮಿಕ್ಕುದೆಲ್ಲ ಕಡಲಿನ ಪಾಲು. ಇದರ ಫಲವಾಗಿ ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 10.8 ಗ್ರಾಂ ಇದ್ದರೆ ಪೊಟ್ಯಾಸಿಯಂ ಕೇವಲ 0.4 ಗ್ರಾಂ. ಉಪ್ಪಿನಲ್ಲಿ ಅದರ ಜೊತೆಗಾರನಾದ ಕ್ಲೋರಿನ್ ಬಂದ ದಾರಿಯೇ ಬೇರೆ. ಅದರ ಬಹುಭಾಗ ಭೂಗರ್ಭದಿಂದ ಅನಿಲರೂಪವಾಗಿ ಹೊರಬಿದ್ದು ಸಮುದ್ರವನ್ನು ಸೇರಿತು.

ಈಗ ಲೆಕ್ಕದ ಮಾತು. ನೀರಿನ ಉಪ್ಪಿನಿಂದ ಭೂಮಿಯ ವಯಸ್ಸನ್ನು ಊಹಿಸಬಹುದೆಂದು 1715ರಲ್ಲಿಯೇ ಎಡ್ಮಂಡ್ ಹ್ಯಾಲಿಯವರು ಸೂಚಿಸಿದ್ದರು. 1899ರಲ್ಲಿ ಡಬ್ಲಿನ್ನಿನ ಜಾನ್ ಜೋಲಿಯವರು ಅದನ್ನು ಮಾಡಿಯೇ ನೋಡಿದರು. ಸಮುದ್ರದಲ್ಲಿರುವ ಸೋಡಿಯಂ ಒಟ್ಟು ಎಷ್ಟು, ನದಿಗಳು ವರ್ಷಕ್ಕೆ ತಂದು ಸುರಿಯುವುದು ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬಂದ ಉತ್ತರ ಎಂಟು ಒಂಬತ್ತು ಕೋಟಿ ವರ್ಷ. ಎಷ್ಟು ಸರಳ, ಎಷ್ಟು ಸುಂದರ! ಮುಂದೆ ವಿಕಿರಣಶೀಲ ಧಾತುಗಳ ಪರೀಕ್ಷೆಯಿಂದ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ಗೊತ್ತಾಯಿತು. ಹಾಗಿದ್ದರೆ ಸಮುದ್ರದಲ್ಲಿ ಈಗಿನ ಐವತ್ತರಷ್ಟು ಸೋಡಿಯಂ ಇರಬೇಕಾಗಿತ್ತಲ್ಲವೆ? ಅದೆಲ್ಲ ಎಲ್ಲಿ ಹೋಯಿತು?

ಜೋಲಿಯವರ ಗಣಿತದಲ್ಲಿ ದೋಷವಿರಲಿಲ್ಲ. ಅವರು ಜಮೆಯನ್ನು ಬರೆದರು, ಖರ್ಚನ್ನು ಬರೆಯಲಿಲ್ಲ. ಸಮುದ್ರಕ್ಕೆ ಬಂದ ಸೋಡಿಯಂ ಅಲ್ಲಿಂದ ಹೊರಗೂ ಹೋಗುತ್ತದೆ. ಅಲೆಗಳ ತುಂತುರು ಗಾಳಿಯಲ್ಲಿ ಹಾರಿ, ಮಳೆಯಾಗಿ ನೆಲಕ್ಕೆ ಬೀಳುತ್ತದೆ. ನದಿಗಳು ತರುವ ಉಪ್ಪಿನಲ್ಲಿ ಹೀಗೆ ಮರಳಿ ಬಂದುದೂ ಸೇರಿದೆ. ಸಾಗರತಳದ ಬಿಸಿಯಾದ ಬಿರುಕುಗಳಲ್ಲಿ ನೀರು ಸುತ್ತಿ ಬರುವಾಗ ಅದರ ಸೋಡಿಯಮ್ಮಿನ ಒಂದಂಶ ಮತ್ತೆ ಕಲ್ಲನ್ನೇ ಸೇರುತ್ತದೆ. ಎಲ್ಲಕ್ಕಿಂತ ದೊಡ್ಡ ಖರ್ಚು ಬತ್ತಿದ ಕಡಲುಗಳದು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ನಡುವಣ ದಾರಿ ಇಕ್ಕಟ್ಟಾಗಿ, ಒಳಗಿನ ನೀರು ಬಿಸಿಲಿಗೆ ಇಂಗಿತು. 1970ರಲ್ಲಿ ಗ್ಲೋಮರ್ ಚಾಲೆಂಜರ್ ಎಂಬ ಹಡಗಿನವರು ಅದರ ತಳವನ್ನು ಕೊರೆದಾಗ ಆ ಕಾಲದ ಲವಣದ ಪದರಗಳು ದೊರೆತವು. ಕೆಲವೆಡೆ ಅವುಗಳ ದಪ್ಪ ಒಂದು ಕಿಲೋಮೀಟರಿಗೂ ಮಿಕ್ಕಿದೆ.

ಆದುದರಿಂದ ಜೋಲಿಯವರಿಗೆ ದೊರೆತುದು ಭೂಮಿಯ ವಯಸ್ಸಲ್ಲ. ಸೋಡಿಯಂ ಕಣವೊಂದು ಸಮುದ್ರವನ್ನು ಸೇರಿದ ಮೇಲೆ ಹೊರಬೀಳುವವರೆಗೆ ಸರಾಸರಿಯಲ್ಲಿ ಅಲ್ಲಿ ಕಳೆಯುವ ಕಾಲದ ಒಂದು ಅಂದಾಜು. ತಿಳಿಯದೆಯೇ ದೊರೆತ ಈ ಅಂದಾಜೂ ಸಾಮಾನ್ಯವಾದುದೆಂದು ನನಗೆ ತೋರುವುದಿಲ್ಲ.

ಹಾಗೆ ಹೊರಬಿದ್ದ ಕಣಗಳನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸೈಂಧವ ಲವಣವೆಂದು ಕೇಳಿದರೆ ನಸುಗೆಂಪಿನ ಹರಳೊಂದನ್ನು ಕೊಡುತ್ತಾರೆ. ಸಿಂಧೂ ದೇಶದ ಹೆಸರನ್ನು ಹೊತ್ತ ಆ ಉಪ್ಪು, ಈಗ ಪಾಕಿಸ್ತಾನಕ್ಕೆ ಸೇರಿರುವ ಖೇವ್ಡಾ ಮೊದಲಾದ ಗಣಿಗಳದು. ಅಲ್ಲಿದ್ದ ಕಡಲು ಬತ್ತಿ 50 ಕೋಟಿ ವರ್ಷಗಳಿಗೂ ಮೇಲಾಯಿತು.