ಹುಲ್ಲುಹಾಸಿಗೆ ಕೃತಕ ಮಳೆ

ಮಳೆಗಾಲದಲ್ಲಿ ನಿಸರ್ಗವು ಅಂಗಳಕ್ಕೆಲ್ಲ ಸಮನಾಗಿ ನೀರೆರೆಯುತ್ತದೆ. ಬೇಸಗೆಯಲ್ಲಿ ಅದೇ ಕೆಲಸವನ್ನು ಸ್ಪ್ರಿಂಕ್ಲರ್ ಎಂಬ ಸಾಧನದಿಂದ ನಾವು ಮಾಡಿಸಿಕೊಳ್ಳಬಹುದು. ಆದರೆ ನಾಲ್ಕಾರು ಸ್ಪ್ರಿಂಕ್ಲರುಗಳನ್ನು ಕೊಂಡು ತಂದು ಕೊಳವೆಗೆ ಜೋಡಿಸಿದ ಮಾತ್ರಕ್ಕೆ ಮಳೆ ಬೀಳದು. ಹುಲ್ಲು ಒಂದೆಡೆ ಕೊಳೆತು ಇನ್ನೊಂದೆಡೆ ಒಣಗಿರುವ ಅಂಗಳಗಳು ಅಪರೂಪವಲ್ಲ. ಕೊಳ್ಳುವುದಕ್ಕೆ ಮೊದಲೇ ನೀರಿನ ಒತ್ತಡವನ್ನೂ ಪ್ರವಾಹವನ್ನೂ ಅಳೆಯದಿದ್ದುದೇ ಇದಕ್ಕೆ ಮುಖ್ಯ ಕಾರಣ.

ಮೊದಲು ಒತ್ತಡವನ್ನು ವಿಚಾರಿಸೋಣ. 10 ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತಡವನ್ನುಂಟುಮಾಡುತ್ತದೆ. ಮಾಳಿಗೆಯ ತೊಟ್ಟಿಯು ನೆಲದಿಂದ 6 ಮೀಟರ್ ಮೇಲಿದ್ದರೆ ಅಂಗಳದಲ್ಲಿ ದೊರೆಯುವುದು 0.6 ಕಿಲೋಗ್ರಾಂ ಮಾತ್ರ. ತೊಟ್ಟಿಯನ್ನು ದೊಡ್ಡದಾಗಿ ಕಟ್ಟಿದರೂ ಫಲವಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಎತ್ತರ, ಅದರ ಮೊತ್ತವಲ್ಲ. ಹುಲ್ಲುಹಾಸಿನ ಸಾಮಾನ್ಯ ಸ್ಪ್ರಿಂಕ್ಲರಿಗೆ ಸುಮಾರು 2 ಕಿಲೋಗ್ರಾಂ, ಅಂದರೆ 20 ಮೀಟರ್ ಕಂಬದ ಒತ್ತಡ ಬೇಕು. ಆದುದರಿಂದ ಇಂತಹ ಮನೆಗಳಲ್ಲಿ ಪಂಪು ಅನಿವಾರ್ಯ. ಹಾಗೆಂದು ಒತ್ತಡವನ್ನು ಮಿತಿಮೀರಿ ಏರಿಸಿದರೆ ಹನಿಗಳು ಮಂಜಿನಂತಾಗಿ ಗಾಳಿಯ ಪಾಲಾಗುತ್ತವೆ.

ಕೊಳವೆಯೂ ಒತ್ತಡದಲ್ಲಿ ತನ್ನ ಪಾಲನ್ನು ಕಸಿದುಕೊಳ್ಳುತ್ತದೆ. ಅಷ್ಟೇ ನೀರನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ಹರಿಸಿದರೆ ಘರ್ಷಣೆಯಿಂದಾಗುವ ನಷ್ಟವು ಸುಮಾರು 32 ಪಟ್ಟು ಹೆಚ್ಚುತ್ತದೆ! ಸಣ್ಣ ಕೊಳವೆಯಿಂದ ಹಣ ಉಳಿಸುವ ಯೋಚನೆ ಸಲ್ಲದು.

ಇನ್ನು ಪ್ರವಾಹ. ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟ್ಟು ತುಂಬುವ ಹೊತ್ತನ್ನು ಎಣಿಸಿದರೆ ಸಾಲದು. ಆಗ ನೀರು ಬಹಳ ಬರುತ್ತದೆ, ಒತ್ತಡವೋ ಉಳಿಯುವುದಿಲ್ಲ. ನಲ್ಲಿಯ ಹಿಂದೆ ಒತ್ತಡಮಾಪಕವನ್ನು ಜೋಡಿಸಿ, ಅದು 2 ಕಿಲೋಗ್ರಾಂ ತೋರಿಸುವಷ್ಟು ಮಾತ್ರ ನಲ್ಲಿಯನ್ನು ತೆರೆಯಬೇಕು. ಆಗ 10 ಲೀಟರಿನ ಬಕೆಟ್ಟು 30 ಸೆಕೆಂಡಿನಲ್ಲಿ ತುಂಬಿದರೆ, ನಮ್ಮ ಕೈಗೆಟಕುವ ಪ್ರವಾಹ ನಿಮಿಷಕ್ಕೆ 20 ಲೀಟರು.

ಈಗ 8 ಮೀಟರ್ ಚೌಕದ ಹುಲ್ಲುಹಾಸೊಂದನ್ನು ಕಾಗದದ ಮೇಲೆ ಬರೆದುಕೊಳ್ಳೋಣ. ಪ್ರತಿ ಸ್ಪ್ರಿಂಕ್ಲರಿನ ನೀರು 4 ಮೀಟರ್ ದೂರ ಹಾರಲಿ. ಅದು ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ. ಆದುದರಿಂದ ಒಂದರ ನೀರು ಪಕ್ಕದ ಸ್ಪ್ರಿಂಕ್ಲರಿನ ಬುಡವನ್ನು ಮುಟ್ಟುವಂತೆ 4 ಮೀಟರಿಗೊಂದನ್ನು ನಿಲ್ಲಿಸಬೇಕು. ನಾಲ್ಕು ಮೂಲೆಗಳಲ್ಲಿ ಕಾಲು ವೃತ್ತದವು, ನಾಲ್ಕು ಅಂಚುಗಳ ನಡುವೆ ಅರ್ಧ ವೃತ್ತದವು, ಮಧ್ಯದಲ್ಲಿ ಪೂರ್ಣ ವೃತ್ತದ್ದೊಂದು: ಒಟ್ಟು ಒಂಬತ್ತು. ನಿಮಿಷಕ್ಕೆ ಪೂರ್ಣ ವೃತ್ತಕ್ಕೆ 12, ಅರ್ಧಕ್ಕೆ 6, ಕಾಲಿಗೆ 3 ಲೀಟರಿನಂತೆ ಒಟ್ಟು 48 ಲೀಟರು ಬೇಕು. ನಮ್ಮಲ್ಲಿರುವುದು 20. ಒಂಬತ್ತನ್ನೂ ಒಮ್ಮೆಗೇ ತೆರೆದರೆ ಯಾವುದೂ ಸರಿಯಾಗಿ ಚಿಮ್ಮದು. ಕವಾಟಗಳನ್ನಿಟ್ಟು 18, 18, 12 ಲೀಟರುಗಳ ಮೂರು ಸರದಿಗಳಾಗಿ ಹಂಚಿದರೆ ಸಮಸ್ಯೆ ಪರಿಹಾರವಾಗುತ್ತದೆ.

ಪ್ರತಿ ಸರದಿಯನ್ನು 6 ನಿಮಿಷ ನಡೆಸಿದರೆ ಒಟ್ಟು 288 ಲೀಟರು ಬೀಳುತ್ತದೆ. ಒಂದು ಚದರ ಮೀಟರಿಗೆ ಬಿದ್ದ ಒಂದು ಲೀಟರೆಂದರೆ 1 ಮಿಲಿಮೀಟರ್ ಮಳೆ. 64 ಚದರ ಮೀಟರಿಗೆ ಇದು 4.5 ಮಿಲಿಮೀಟರ್, ಬೇಸಗೆಯ ಒಂದು ದಿನಕ್ಕೆ ಸಾಕು. ಗಾಳಿಯೂ ಬಿಸಿಲೂ ಕಡಮೆಯಿರುವ ಮುಂಜಾನೆಯೇ ಇದಕ್ಕೆ ತಕ್ಕ ಸಮಯ.

ಆದರೆ ಈ 288 ಲೀಟರುಗಳ ಬೆಲೆಯೇನು? ನಮ್ಮ ನಗರಗಳ ನೀರು ಸರಬರಾಜಿನಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರೆಂಬುದು ರೂಢಿಯ ಪ್ರಮಾಣ. ಈ ಪುಟ್ಟ ಹುಲ್ಲುಹಾಸು ಇಬ್ಬರ ಪಾಲಿಗಿಂತ ಹೆಚ್ಚು ಕುಡಿಯುತ್ತದೆ! 2024ರ ಮಾರ್ಚ್ ತಿಂಗಳಲ್ಲಿ ನೀರಿನ ಅಭಾವವುಂಟಾದಾಗ ಬೆಂಗಳೂರಿನ ಜಲಮಂಡಳಿಯು ತೋಟಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಆದುದರಿಂದ ಶೇಖರಿಸಿದ ಮಳೆಯ ನೀರನ್ನೇ ಮೊದಲು ಬಳಸತಕ್ಕದ್ದು. ಪೊದೆಗಳಿಗೂ ಗಿಡಗಳಿಗೂ ಬುಡದಲ್ಲೇ ಹನಿಹನಿಯಾಗಿ ನೀರುಣಿಸತಕ್ಕದ್ದು. ಇಷ್ಟಾಗಿಯೂ ನೀರು ಸಾಲದೆಂದು ಲೆಕ್ಕ ಹೇಳಿದರೆ, ಕಾಗದದ ಮೇಲಿರುವಾಗಲೇ ಹುಲ್ಲುಹಾಸನ್ನು ಚಿಕ್ಕದು ಮಾಡುವುದು ಜಾಣತನ.