ಹಳೆಯ ಲೇತಿನ ಪರಿಚಯ

ಕಳೆದ ಕೊಯ್ಲಿನ ನಡುವೆ ನಮ್ಮ ಪಲ್ಪರಿನ ಬುಷ್ ಸವೆದುಹೋಯಿತು. ಪಟ್ಟಣದಲ್ಲಿ ಹೊಸದನ್ನು ಮಾಡಿಸಿ ತರಲು ಮೂರು ದಿನ ಹಿಡಿಯಿತು. ಕೊಯ್ದ ಹಣ್ಣು ಹುಳಿತುಹೋಯಿತು. ಆದ್ದರಿಂದ ಮೂವರು ಬೆಳೆಗಾರರು ಪಾಲು ಹಾಕಿ, ಮುಳಬಾಗಿಲು ತಾಲ್ಲೂಕಿನ ನಂಗಲಿಯ ಪಂಪ್ ರಿಪೇರಿ ಅಂಗಡಿಯೊಂದರಿಂದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತನ್ನು ತಂದೆವು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಅದರ ಲೇತುಗಳು ಮಾತ್ರ ಇನ್ನೂ ದುಡಿಯುತ್ತಿವೆ.

ಮಿತ್ರರೇ, ಹಳೆಯ ಲೇತನ್ನು ತಂದೊಡನೆ ಕೆಲಸಕ್ಕೆ ಹಚ್ಚಬೇಡಿ. ಬೆಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ. ಎಣ್ಣೆತೂತುಗಳ ಕೊಳೆ ತೆಗೆದು ಎಣ್ಣೆ ಬಿಡಿ. ಕ್ರಾಸ್ ಸ್ಲೈಡಿನ ಹಿಡಿಯನ್ನು ಹಿಂದುಮುಂದು ತಿರುಗಿಸಿ, ಟೂಲ್ ಅಲುಗುವ ಮುನ್ನ ಅದು ಎಷ್ಟು ಗೆರೆ ಬರಿದೇ ತಿರುಗುವುದೆಂದು ಬರೆದಿಡಿ. ಅಳತೆಗೆ ಯಾವಾಗಲೂ ಒಂದೇ ಕಡೆಯಿಂದ ಬನ್ನಿ. ಬಳಿಕ ದಪ್ಪ ಸರಳೊಂದನ್ನು ಚಕ್ಕಿನಲ್ಲಿ ಹಿಡಿದು ನಾಲ್ಕು ಅಂಗುಲ ತೆಳುವಾಗಿ ಕಡೆದು, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ವ್ಯತ್ಯಾಸ ಕಂಡರೆ ಮೊದಲು ಲೇತಿನ ಪಾದಗಳ ಮಟ್ಟ ನೋಡಿ. ನಮ್ಮದಕ್ಕೆ ಒಂದು ಪಾದದಡಿ ತಗಡು ಕೊಡಬೇಕಾಯಿತು.

ಚಕ್ಕಿನ ಕೀಲಿಯನ್ನು ತೆಗೆಯದೆ ಸ್ವಿಚ್ ಹಾಕಿದರೆ ಅದು ಸಿಡಿದು ಹಾರುತ್ತದೆ. ಹೆಗಲ ಟವೆಲು, ಕೈಗವಸು ಕೂಡದು.

ನಾವು ಎರಡು ಬುಷ್ ಕೆಡಿಸಿದೆವು. ಮೂರನೆಯದು ಸರಿಯಾಗಿ ಕೂತಿತು. ಕೊಯ್ಲಿಗೆ ಮೊದಲೇ ಕೆಡಿಸಿದ್ದು ಒಳ್ಳೆಯದಾಯಿತು.