ಕೊಡಚಾದ್ರಿ ಜೀಪಲ್ಲಿ ಅಡ್ಡ ಸೀಟು ಯಾಕಿದೆ? ಎಲ್ಲಿ ಕೂತರೆ ಒಳ್ಳೇದು?

ಹೊಸನಗರ: ಕೊಡಚಾದ್ರಿಗೆ ಜೀಪಲ್ಲಿ ಹೋಗಿ ಬಂದವರನ್ನ ಮಾತಾಡಿಸಿ ನೋಡಿ. 1,343 ಮೀಟರ್ ಎತ್ತರದ ಬೆಟ್ಟದ ಕಥೆಗಿಂತ ಮೊದಲು ಸೊಂಟದ ಕಥೆ ಹೇಳ್ತಾರೆ. ಅದರಲ್ಲೂ ಹಿಂದುಗಡೆ ಎದುರು-ಬದುರು ಇರೋ ಅಡ್ಡ ಸೀಟಲ್ಲಿ ಕೂತವರದ್ದು ದೊಡ್ಡ ಕಥೆ. ರಸ್ತೆ ಹಾಳಾಗಿದೆ ಅನ್ನೋದು ನಿಜವೇ. ಆದರೆ ಅದೇ ಗಾಡಿಯಲ್ಲಿ, ಅದೇ ರಸ್ತೆಯಲ್ಲಿ ಮುಂದೆ ಕೂತವರು ಅಷ್ಟು ನರಳಿರಲ್ಲ. ಹಾಗಾಗಿ ಸೀಟಿನ ಬಗ್ಗೆಯೂ ಸ್ವಲ್ಪ ತಿಳ್ಕೊಳ್ಳೋದು ಒಳ್ಳೇದು.

ಅಡ್ಡ ಸೀಟು ಬಂದಿದ್ದು ಜಾಗದ ಲೆಕ್ಕದಿಂದ. ಜೀಪಿನ ಹಿಂಭಾಗದಲ್ಲಿ ಎರಡೂ ಕಡೆ ಚಕ್ರದ ಉಬ್ಬು ಒಳಗೆ ಬಂದಿರುತ್ತೆ. ಅವುಗಳ ನಡುವೆ ಮುಂದಕ್ಕೆ ಮುಖ ಮಾಡಿದ ಸೀಟು ಹಾಕಿದರೆ ಇಬ್ಬರು ಕೂರಬಹುದು, ಮೂರನೆಯವರು ಕಷ್ಟ. ಅದೇ ಉಬ್ಬನ್ನ ಕಟ್ಟೆ ತರ ಬಳಸಿ ಮೇಲೆ ಬೆಂಚು ಹಾಕಿದರೆ ಕಡೆಗೆ ಮೂವರಂತೆ ಆರು ಜನ. ಜನ ಇಲ್ಲದ ದಿನ ಬೆಂಚು ಮಡಚಿ ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್ ಹಾಕಬಹುದು. ಮಲೆನಾಡಿನ ಮನೆಗಳಿಗೆ ಇಂಥ ಗಾಡಿಯೇ ಬೇಕಿತ್ತು, ಅದನ್ನ ಅಲ್ಲಗಳೆಯೋಕಾಗಲ್ಲ.

ತೊಂದರೆ ಶುರುವಾಗೋದು ಗುಂಡಿಯಲ್ಲಿ. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ 2.7 ಮೀಟರ್ ಅಂತರ ಇದೆ ಅಂದ್ಕೊಳ್ಳಿ. ಹಿಂದಿನ ಚಕ್ರ ಕಲ್ಲು ಹತ್ತಿ ಗಾಡಿಯ ಹಿಂಭಾಗ 10 ಸೆಂ.ಮೀ. ಎದ್ದರೆ, ಎರಡು ಆಕ್ಸಲ್ ಮಧ್ಯೆ ಕೂತವರು ಏಳೋದು 5 ಸೆಂ.ಮೀ. ಮಾತ್ರ. ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದೆ, ಬಾಗಿಲ ಪಕ್ಕ ಕೂತವರು ಹತ್ತಿರ ಹತ್ತಿರ 12 ಸೆಂ.ಮೀ. ಏಳ್ತಾರೆ. ಒಂದೇ ಕಲ್ಲು, ಏಟು ಎರಡು ಪಟ್ಟಿಗಿಂತ ಜಾಸ್ತಿ.

ಏರಿನಲ್ಲಿ ಇನ್ನೊಂದು ಸಮಸ್ಯೆ. ಬಾಗಿಲ ಪಕ್ಕದ ಇಬ್ಬರು ಮತ್ತೆ ಅವರ ಸಾಮಾನು ಸೇರಿ 180 ಕೆ.ಜಿ. ಅಂದ್ಕೊಂಡರೆ, ಸಮ ನೆಲದಲ್ಲೇ ಹಿಂದಿನ ಚಕ್ರಗಳ ಮೇಲೆ 213 ಕೆ.ಜಿ. ಕೂರುತ್ತೆ, ಮುಂದಿನ ಚಕ್ರಗಳಿಂದ 33 ಕೆ.ಜಿ. ಕಮ್ಮಿಯಾಗುತ್ತೆ. ತಕ್ಕಡಿ ಲೆಕ್ಕ ಅಷ್ಟೇ. ಕಡಿದಾದ ಏರಲ್ಲಿ ಭಾರ ಇನ್ನೂ ಹಿಂದಕ್ಕೆ ಸರಿಯುತ್ತೆ, ಸ್ಟೇರಿಂಗ್ ಹಗುರ ಆಗುತ್ತೆ, ತಿರುಗಿಸಿದಷ್ಟು ಗಾಡಿ ತಿರುಗಲ್ಲ. ಹೇರ್‌ಪಿನ್ ತಿರುವಲ್ಲಿ ಇದು ತಮಾಷೆ ಅಲ್ಲ.

ಗಾಡಿ ಮಗುಚೋ ವಿಷಯಕ್ಕೆ ಬರೋಣ. ಎರಡು ಚಕ್ರಗಳ ನಡುವಿನ ಅಗಲದ ಅರ್ಧವನ್ನ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಉದಾಹರಣೆಗೆ 1,600 ಕೆ.ಜಿ. ಗಾಡಿ, ಅಗಲ 1.4 ಮೀಟರ್, ಕೇಂದ್ರ 70 ಸೆಂ.ಮೀ. ಎತ್ತರದಲ್ಲಿ. ಖಾಲಿ ಇದ್ದಾಗ ಲೆಕ್ಕ 1. ತಲಾ 60 ಕೆ.ಜಿ.ಯ ಎಂಟು ಜನ ಹತ್ತಿದರೆ ಸುಮಾರು 0.91. ಮೇಲಿನ ಕ್ಯಾರಿಯರ್‌ಗೆ 100 ಕೆ.ಜಿ. ಲಗೇಜ್ ಕಟ್ಟಿದರೆ 0.85. ಕಮ್ಮಿ ಆದಷ್ಟೂ ಅಪಾಯ ಜಾಸ್ತಿ. ಎಂಟು ಜನ ಸೇರಿ ಇಳಿಸಿದ್ದು 0.09, ಅದರ ಕಾಲು ಭಾಗಕ್ಕಿಂತ ಕಮ್ಮಿ ತೂಕದ ಲಗೇಜ್ ಒಂದೇ ಇಳಿಸಿದ್ದು 0.06! ಮೇಲೆ ಕಟ್ಟೋ ಮೊದಲು ಇದನ್ನ ನೆನಪಿಡಿ.

ಹಾಗಾದರೆ ಸೀಟನ್ನೇ ಕೆಳಗೆ ಇಳಿಸಿದರೆ ಆಗಲ್ವ? ಕೆಳಗೆ ಚಾಸಿ, ಪ್ರೊಪೆಲ್ಲರ್ ಶಾಫ್ಟ್ ಇರುತ್ತೆ. ಇಳಿಸಿದರೆ ಕಲ್ಲಿಗೆ ತಾಗುತ್ತೆ. ಗಾಡಿ ಉದ್ದ ಮಾಡಿ ಎಲ್ಲರನ್ನೂ ಆಕ್ಸಲ್‌ಗಳ ನಡುವೆ ಕೂರಿಸಬಹುದು, ಆದರೆ ಉದ್ದ ಗಾಡಿ ತಿರುವಲ್ಲಿ ಒಂದೇ ಸಲಕ್ಕೆ ತಿರುಗಲ್ಲ, ದಿಬ್ಬದ ಮೇಲೆ ಹೊಟ್ಟೆ ಉಜ್ಜುತ್ತೆ.

ಪಕ್ಕಕ್ಕೆ ವಾಲಿದ ದಾರಿಯಲ್ಲಿ ಅಡ್ಡ ಸೀಟಿನ ಮೇಲ್ಗಡೆಯವರು ಎದುರಿನವರ ಮಡಿಲಿಗೆ ಜಾರ್ತಾರೆ. ಅಂದ್ರೆ ಗಾಡಿ ಯಾವ ಕಡೆ ವಾಲಿದೆಯೋ ಆ ಕಡೆಗೇ ಭಾರ ಹೋಗುತ್ತೆ. ಬ್ರೇಕ್ ಹಾಕಿದರೆ ದೇಹ ಪಕ್ಕಕ್ಕೆ ಎಸೆದಂತಾಗುತ್ತೆ, ಕುತ್ತಿಗೆ ಆ ಏಟನ್ನ ಚೆನ್ನಾಗಿ ತಡೆಯಲ್ಲ. ಬೆಲ್ಟ್? ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳೋದು ಚಾಲಕ, ಮುಂದಿನ ಸೀಟಿನವರು ಮತ್ತೆ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರ ಬಗ್ಗೆ. ಅಡ್ಡ ಕೂತವರ ಹೆಸರೇ ಅದರಲ್ಲಿಲ್ಲ.

ಕಂಪನಿಗಳು ನಿಧಾನಕ್ಕೆ ಬದಲಾಗ್ತಿವೆ. ಯುರೋಪಿನ ನಿಯಮದಿಂದಾಗಿ ಲ್ಯಾಂಡ್ ರೋವರ್ ಡಿಫೆಂಡರ್ 2007ರಲ್ಲೇ ಅಡ್ಡ ಸೀಟು ತೆಗೆಯಿತು. 2020ರ ಹೊಸ ಥಾರ್ ಮೊದಲು ಅಡ್ಡ ಸೀಟಿನ ಮಾದರಿಯಲ್ಲೂ ಬಂತು, ಆಮೇಲೆ ಅದನ್ನ ನಿಲ್ಲಿಸಿದರು. 2024ರಲ್ಲಿ ಬಂದ ಐದು ಬಾಗಿಲ ಗೂರ್ಖಾದ ಕೊನೇ ಸಾಲೂ ಮುಂದಕ್ಕೇ ಮುಖ ಮಾಡಿದೆ. ಆದರೆ ನಮ್ಮ ಕಡೆ ಓಡ್ತಿರೋದು ಹಳೇ ಗಾಡಿಗಳೇ, ಅವು ಇನ್ನೂ ಸುಮಾರು ವರ್ಷ ಓಡುತ್ತವೆ.

ಹಾಗಾಗಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದಾಗ ಹೇಗೆ ಅಡ್ಜಸ್ಟ್ ಆಗಬೇಕು ಅಂತ ನೀವೇ ನೋಡ್ಕೊಳ್ಳಿ. ವಯಸ್ಸಾದವರು, ಬೆನ್ನುನೋವಿನವರು ಮುಂದಿನ ಅಥವಾ ಮಧ್ಯದ ಸೀಟಿಗೆ. ಗರ್ಭಿಣಿಯರು ಈ ದಾರಿಗೆ ಜೀಪ್ ಹತ್ತದೇ ಇರೋದು ವಾಸಿ. ಭಾರದ ಬ್ಯಾಗು ಕಾಲ ಕೆಳಗೆ, ಆದಷ್ಟು ಮುಂದಕ್ಕೆ. ಅಡ್ಡ ಸೀಟಲ್ಲೇ ಕೂರಬೇಕಾಗಿ ಬಂದರೆ ಡ್ರೈವರ್ ಕಡೆಯ ತುದಿ ಹಿಡೀರಿ, ಕಾಲು ಅಗಲಿಸಿ ಊರಿ. ಬಾಗಿಲ ಪಕ್ಕದ ಕೊನೇ ಜಾಗಕ್ಕೆ ಮಕ್ಕಳನ್ನ ಬಿಡಬೇಡಿ, ಗಾಳಿ ಬರುತ್ತೆ ಅಂತ ಅವು ಹಠ ಮಾಡೋದು ಅಲ್ಲಿಗೇ.